ತರಗತಿಯಿಂದ ಹೊರಗೆ ಕಳಿಸುವುದು: ಅದು ಯಾವಾಗ ಶಿಕ್ಷೆ, ಯಾವಾಗ ಬಹುಮಾನ?

ಶಿಕ್ಷಕ ತರಬೇತಿಯ ಪರೀಕ್ಷೆಗೆಂದು ತರಗತಿ ನಿರ್ವಹಣೆಯ ಪಾಠದಲ್ಲಿ ನಾವೆಲ್ಲ ಉರು ಹೊಡೆಯುವ ಒಂದು ಉತ್ತರವಿದೆ: ಗಲಾಟೆ ಮಾಡುವ ವಿದ್ಯಾರ್ಥಿಯನ್ನು ಹೊರಗೆ ಕಳಿಸುವುದು ಕೊನೆಯ ಅಸ್ತ್ರ. ಉತ್ತರ ಸರಿಯೇ. ಯಾಕೆ ಕೊನೆಯದು ಎಂದು ಮುಂದಿನ ಪ್ರಶ್ನೆ ಬಂದರೆ ಮಾತ್ರ, ಮಗುವಿಗೆ ಅವಮಾನವಾಗುತ್ತದೆ ಎಂಬಲ್ಲಿಗೆ ಹೆಚ್ಚಿನವರ ಪೆನ್ನು ನಿಂತುಬಿಡುತ್ತದೆ. ಅವಮಾನ ಒಂದು ಕಾರಣ, ನಿಜ. ಅದಕ್ಕಿಂತ ಗಟ್ಟಿಯಾದ ಕಾರಣ ಇನ್ನೊಂದಿದೆ. ಎಷ್ಟೋ ಸಲ ಹೊರಗೆ ಕಳಿಸುವುದರಿಂದಲೇ ಗಲಾಟೆ ಬೆಳೆಯುತ್ತದೆ. ಇಲ್ಲಿ ಹೆಚ್ಚು ಜಾಗ ಕೊಟ್ಟಿರುವುದು ಅದಕ್ಕೇ.

ಮೊದಲು ಒಂದು ಸ್ಪಷ್ಟನೆ. ಐದು ನಿಮಿಷದ ಟೈಮ್ ಔಟ್ (ಸ್ವಲ್ಪ ಹೊತ್ತು ಬೇರೆ ಇರಿಸುವುದು), ಒಂದು ಪಿರಿಯಡ್ ಹೊರಗಿಡುವುದು, ಕೆಲವು ದಿನ ಸಸ್ಪೆಂಡ್ ಮಾಡುವುದು, ಶಾಲೆಯಿಂದಲೇ ತೆಗೆದುಹಾಕುವುದು, ಇವು ಬೇರೆ ಬೇರೆ ಕ್ರಮಗಳು. ಮೊದಲ ಎರಡು ಶಿಕ್ಷಕರ ಕೈಯಲ್ಲಿವೆ. ಉಳಿದವು ಆಡಳಿತದ ಕೈಯಲ್ಲಿವೆ. ಉತ್ತರದಲ್ಲಿ ಇವನ್ನು ಕಲಸಬೇಡಿ.

ಇಬ್ಬರಿಗೂ ಸಿಗುವ ಬಿಡುಗಡೆ

ಗಣಿತದ ಪಿರಿಯಡ್. ಬೋರ್ಡಿನ ಮೇಲೆ ಭಿನ್ನರಾಶಿಗಳ ಸಂಕಲನ. ಹಿಂದಿನ ಬೆಂಚಿನ ಹುಡುಗನಿಗೆ ಛೇದಗಳನ್ನು ಸಮ ಮಾಡುವುದು ಹೋದ ವರ್ಷವೇ ತಲೆಗೆ ಹೋಗಿರಲಿಲ್ಲ. ಶಿಕ್ಷಕರು ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆಯುತ್ತಿದ್ದಾರೆ. ತನ್ನ ಸರದಿಗೆ ಇನ್ನಿಬ್ಬರಿದ್ದಾರೆ ಎನ್ನುವಾಗ ಹುಡುಗ ಪಕ್ಕದವನ ನೋಟ್‌ಬುಕ್ ಕೆಳಗೆ ತಳ್ಳುತ್ತಾನೆ. ಗದರಿದರೆ ಎದುರು ಮಾತಾಡುತ್ತಾನೆ. "ಹೊರಗೆ ಹೋಗು" ಎನ್ನುತ್ತಾರೆ ಶಿಕ್ಷಕರು. ಅವನು ಹೋಗುತ್ತಾನೆ. ಬೋರ್ಡಿನ ಮುಂದೆ ಎಲ್ಲರೆದುರು ತಡವರಿಸುವುದು ತಪ್ಪಿತು.

ವರ್ತನೆಯನ್ನು ಅದರ ಫಲವೇ ರೂಪಿಸುತ್ತದೆ ಎನ್ನುವ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಅವರ ಕ್ರಿಯಾಜನ್ಯ ಅನುಬಂಧನದಲ್ಲಿ ಇದಕ್ಕೆ ಋಣಾತ್ಮಕ ಪುನರ್ಬಲನ ಎನ್ನುತ್ತಾರೆ. ಅಹಿತವಾದದ್ದು ತೊಲಗಿತು, ಹಾಗಾಗಿ ಅದನ್ನು ತೊಲಗಿಸಿದ ವರ್ತನೆ ಗಟ್ಟಿಯಾಯಿತು. ಇದನ್ನು ಶಿಕ್ಷೆ ಎಂದು ಬರೆದು ಅಂಕ ಕಳೆದುಕೊಳ್ಳುವವರು ಬಹಳ. ಶಿಕ್ಷೆ ವರ್ತನೆಯನ್ನು ತಗ್ಗಿಸುತ್ತದೆ. ಪುನರ್ಬಲನ, ಧನಾತ್ಮಕವಿರಲಿ ಋಣಾತ್ಮಕವಿರಲಿ, ಹೆಚ್ಚಿಸುತ್ತದೆ. ಕೊಟ್ಟವರ ಉದ್ದೇಶ ಏನಿತ್ತು ಎಂಬುದಲ್ಲ, ಆ ವರ್ತನೆ ಮುಂದೆ ಹೆಚ್ಚಿತೋ ಕಡಿಮೆಯಾಯಿತೋ ಎಂಬುದೇ ಇಲ್ಲಿ ಅಳತೆ.

ಹಾಗೆಯೇ ಶಿಕ್ಷಕರ ಕಡೆಗೂ ನೋಡಿ. ಅವರಿಗೂ ಅಹಿತವಾದ ಗದ್ದಲ ತಟ್ಟನೆ ನಿಂತಿತು. ಮುಂದಿನ ಸಲ ಹುಡುಗ ಇನ್ನೂ ಬೇಗ ಶುರು ಮಾಡುತ್ತಾನೆ, ಶಿಕ್ಷಕರು ಇನ್ನೂ ಬೇಗ ಬಾಗಿಲು ತೋರಿಸುತ್ತಾರೆ. ಇಬ್ಬರೂ ಒಬ್ಬರಿಗೊಬ್ಬರು ಕಲಿಸುತ್ತಿದ್ದಾರೆ, ಇಬ್ಬರಿಗೂ ಅದು ಗೊತ್ತಿಲ್ಲ. ಈ ನಡುವೆ ಭಿನ್ನರಾಶಿ ಇನ್ನಷ್ಟು ದೂರವಾಗುತ್ತದೆ, ತಪ್ಪಿಸಿಕೊಳ್ಳುವ ಅಗತ್ಯ ಇನ್ನಷ್ಟು ಹೆಚ್ಚುತ್ತದೆ. ಈ ವಿಷಯದಲ್ಲಿ ನನ್ನನ್ನು ಹೆಚ್ಚು ಕಾಡುವುದು ಈ ಸುಳಿಯೇ, ಏಕೆಂದರೆ ಹೊರಗಿನಿಂದ ನೋಡಿದವರಿಗೆ ಶಿಸ್ತು ಕಾಪಾಡಿದಂತೆಯೇ ಕಾಣುತ್ತದೆ.

ಎಲ್ಲರೂ ಪಾಠ ತಪ್ಪಿಸಲೆಂದೇ ಗಲಾಟೆ ಮಾಡುವುದಿಲ್ಲ. ಕೆಲವರಿಗೆ ಗೆಳೆಯರ ನಗು ಬೇಕು, ಶಿಕ್ಷಕರ ಗಮನ ಬೇಕು. ಅದು ಬೈಗುಳವಾದರೂ ಸರಿ. ಅಂಥವರಿಗೆ ಟೈಮ್ ಔಟ್ ಕೆಲಸ ಮಾಡಬಹುದು, ಏಕೆಂದರೆ ಗಮನ ಸಿಗುವ ಜಾಗದಿಂದ ಸ್ವಲ್ಪ ಹೊತ್ತು ದೂರವಿಡುವುದೇ ಅದರ ತತ್ವ. ಅದಕ್ಕೆ ಎರಡು ಷರತ್ತುಗಳಿವೆ. ಬಾಗಿಲವರೆಗಿನ ನಡಿಗೆಯೇ ಒಂದು ಪ್ರದರ್ಶನ ಆಗಬಾರದು. ಮತ್ತು ತರಗತಿಯೊಳಗೆ ಕಳೆದುಕೊಳ್ಳಲು ಏನಾದರೂ ಇರಬೇಕು. ಒಳಗೆ ಬೇಸರ, ಭಯ, ಬೈಗುಳ ಮಾತ್ರ ಇದ್ದರೆ ಹೊರಗಿರುವುದೇ ಸುಖ.

ಹಾಗಾದರೆ ಯಾವ ಮಗುವಿಗೆ ಯಾವುದು ಬೇಕಾಗಿದೆ ಎಂದು ತಿಳಿಯುವುದು ಹೇಗೆ? ಮೂರು ಕಾಲಮ್ಮಿನ ದಾಖಲೆ ಸಾಕು: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನು ಸಿಕ್ಕಿತು. ಒಂದು ಸಾಲು ಹೀಗಿರಬೇಕು: "ಸರದಿ ಹತ್ತಿರ ಬಂತು / ನೋಟ್‌ಬುಕ್ ತಳ್ಳಿದ / ಹೊರಗೆ ಕಳಿಸಲಾಯಿತು, ಲೆಕ್ಕ ಮಾಡುವುದು ತಪ್ಪಿತು." "ಅಶಿಸ್ತಿನಿಂದ ವರ್ತಿಸಿದ" ಎಂದು ಬರೆದರೆ ಆ ಸಾಲು ಯಾವ ಕೆಲಸಕ್ಕೂ ಬಾರದು. ಕಣ್ಣಿಗೆ ಕಂಡದ್ದು, ಕಿವಿಗೆ ಕೇಳಿದ್ದು ಮಾತ್ರ ಬರೆಯಿರಿ. ಹಲವು ಸಾಲುಗಳಲ್ಲಿ ಮೂರನೆಯ ಕಾಲಮ್ ಒಂದೇ ಥರ ಬರುತ್ತಿದ್ದರೆ, ಆ ಮಗುವಿಗೆ ಬೇಕಾದದ್ದು ಬಹುತೇಕ ಅದೇ.

ಉಳಿದ ಮಕ್ಕಳು

ಇಲ್ಲಿಯವರೆಗೆ ಓದಿದವರಿಗೆ ಸಿಟ್ಟು ಬರಬಹುದು. ಸದ್ದಿಲ್ಲದೆ ಕಲಿಯಲು ಬಂದ ಉಳಿದವರ ಗತಿ ಏನು? ಸಿಟ್ಟು ನ್ಯಾಯವಾದದ್ದು. ಅರ್ಥಶಾಸ್ತ್ರಜ್ಞರಾದ ಸ್ಕಾಟ್ ಕ್ಯಾರೆಲ್ ಮತ್ತು ಮಾರ್ಕ್ ಹೋಕ್‌ಸ್ಟ್ರಾ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಅಂಕಗಳಲ್ಲೇ ತೋರಿಸಿತು. ಕೌಟುಂಬಿಕ ಹಿಂಸೆ ಇರುವ ಮನೆಗಳಿಂದ ಬಂದ ಸಹಪಾಠಿಗಳು ಜೊತೆಗಿದ್ದಾಗ ಉಳಿದ ಮಕ್ಕಳ ಓದು ಮತ್ತು ಗಣಿತದ ಅಂಕಗಳು ಇಳಿದವು, ಅಶಿಸ್ತೂ ಹೆಚ್ಚಿತು. ಆದರೆ ಇದೇ ಅಧ್ಯಯನವನ್ನು ಇನ್ನೊಂದು ತುದಿಯಿಂದಲೂ ಓದಬೇಕು. ಆ ಮಕ್ಕಳು ತರಗತಿಗೆ ಹೊತ್ತು ತಂದದ್ದು ಮನೆಯಲ್ಲಿ ಕಂಡ ಹೊಡೆತವನ್ನು. ಬಾಗಿಲ ಹೊರಗೆ ನಿಲ್ಲಿಸಿದರೆ ಅದು ಇಳಿಯುವುದಿಲ್ಲ.

ಯಾರಿಗಾದರೂ ಏಟು ಬೀಳುವ ಸ್ಥಿತಿ ಇದ್ದರೆ ಈ ವಿಶ್ಲೇಷಣೆಗೆಲ್ಲ ಸಮಯವಿಲ್ಲ. ತಕ್ಷಣ ದೂರ ಮಾಡಬೇಕು. ಕುರ್ಚಿ ಎಸೆಯುತ್ತಿರುವ ಮಗುವನ್ನು ಹಿಡಿದೆಳೆಯುವುದಕ್ಕಿಂತ ಉಳಿದವರನ್ನು ಹೊರಗೆ ಕರೆದೊಯ್ಯುವುದು ಎಷ್ಟೋ ಸಲ ಸುರಕ್ಷಿತ.

ತರಗತಿ ನಿರ್ವಹಣೆಯ ಬಗ್ಗೆ ಮನಶ್ಶಾಸ್ತ್ರಜ್ಞ ಜೇಕಬ್ ಕೌನಿನ್ 1970ರಲ್ಲಿ ಪ್ರಕಟಿಸಿದ ಕೆಲಸವನ್ನು ಇಲ್ಲಿ ಬಿಡುವಂತಿಲ್ಲ. ಒಬ್ಬನನ್ನು ಗದರಿದರೆ ನೋಡುತ್ತಿರುವ ಉಳಿದವರ ಮೇಲೂ ಪರಿಣಾಮವಾಗುತ್ತದೆ ಎಂಬ ತರಂಗ ಪರಿಣಾಮ ಅವರದೇ. ಅವರ ಮುಖ್ಯ ಕಾಣ್ಕೆ ಬೇರೆ: ಒಳ್ಳೆಯ ನಿರ್ವಾಹಕರಿಗೂ ಉಳಿದವರಿಗೂ ವ್ಯತ್ಯಾಸ ಇದ್ದದ್ದು ತಪ್ಪಾದ ಮೇಲೆ ಏನು ಮಾಡುತ್ತಾರೆ ಎಂಬುದರಲ್ಲಿ ಅಲ್ಲ. ಇಡೀ ತರಗತಿಯ ಮೇಲೆ ಕಣ್ಣಿಡುವುದು, ಪಾಠದ ಓಟ ಕಡಿಯದಂತೆ ನೋಡಿಕೊಳ್ಳುವುದು, ಇವುಗಳಿಂದ ಗಲಾಟೆ ಹುಟ್ಟುವುದೇ ಕಡಿಮೆಯಾಗುತ್ತಿತ್ತು.

ಕಾನೂನೇ ಹೊರಗೆ ಕಳಿಸತೊಡಗಿದಾಗ

ಅಮೆರಿಕದ ಅನುಭವ ಉದಾಹರಣೆಗೆ ಸಾಕು. ಶಾಲೆಗೆ ಬಂದೂಕು ತಂದವರನ್ನು ಕನಿಷ್ಠ ಒಂದು ವರ್ಷ ಹೊರಗಿಡಬೇಕೆಂಬ ಕಾನೂನು 1994ರಲ್ಲಿ ಬಂತು. ಅದರ ಜೊತೆಗೇ ಬೆಳೆದ, ಯಾವ ತಪ್ಪನ್ನೂ ಶಿಕ್ಷಿಸದೆ ಬಿಡದ ಶೂನ್ಯ ಸಹನೆಯ ಧೋರಣೆ ಸಣ್ಣಪುಟ್ಟ ತಪ್ಪುಗಳಿಗೂ ಹಬ್ಬಿತು. 2011ರಲ್ಲಿ ಹೊರಬಂದ ಟೆಕ್ಸಾಸ್ ಅಧ್ಯಯನ ಸುಮಾರು 10 ಲಕ್ಷ ವಿದ್ಯಾರ್ಥಿಗಳನ್ನು ಹಿಂಬಾಲಿಸಿತ್ತು. 7ರಿಂದ 12ನೇ ತರಗತಿಯ ನಡುವೆ ಸುಮಾರು 60% ಮಕ್ಕಳನ್ನು ಒಮ್ಮೆಯಾದರೂ ಸಸ್ಪೆಂಡ್ ಮಾಡಲಾಗಿತ್ತು ಇಲ್ಲವೇ ಶಾಲೆಯಿಂದ ತೆಗೆದುಹಾಕಲಾಗಿತ್ತು. ಕಾನೂನು ಕಡ್ಡಾಯ ಮಾಡಿದ್ದರಿಂದ ಆದ ಕ್ರಮಗಳು ಸುಮಾರು 3% ಮಾತ್ರ. ಉಳಿದದ್ದೆಲ್ಲ ಶಾಲೆಯವರ ವಿವೇಚನೆಗೆ ಬಿಟ್ಟದ್ದು. ವಿವೇಚನೆ ಇದ್ದಲ್ಲಿ ಪಕ್ಷಪಾತವೂ ನುಸುಳುತ್ತದೆ. ಸಂಶೋಧಕ ರಸೆಲ್ ಸ್ಕಿಬಾ ಮತ್ತು ಸಂಗಡಿಗರ 2002ರ ಅಧ್ಯಯನದಲ್ಲಿ ಬಿಳಿಯ ಮಕ್ಕಳ ಮೇಲಿನ ದೂರುಗಳು ಧೂಮಪಾನ, ವಸ್ತು ಹಾಳುಮಾಡುವಂಥ ಕಣ್ಣಿಗೆ ಕಾಣುವ ತಪ್ಪುಗಳಿಗಿದ್ದರೆ, ಕಪ್ಪು ಮಕ್ಕಳ ಮೇಲಿನವು ಅಗೌರವ, ಅತಿಯಾದ ಸದ್ದು ಎಂಬಂಥ ಅಭಿಪ್ರಾಯದ ತಪ್ಪುಗಳಿಗಿದ್ದವು. ಮೂರು ಕಾಲಮ್ಮಿನಲ್ಲಿ ಕಂಡದ್ದನ್ನೇ ಬರೆಯಿರಿ ಎಂದದ್ದು ಈ ಕಾರಣಕ್ಕೂ ಹೌದು.

ಕಳಿಸಲೇಬೇಕಾದರೆ

ಬೆಂಚಿನ ಹತ್ತಿರ ಹೋಗಿ, ತಗ್ಗಿದ ದನಿಯಲ್ಲಿ, ಚಿಕ್ಕ ಮಾತಿನಲ್ಲಿ ಹೇಳಬೇಕು. ಎಲ್ಲಿಗೆ, ಯಾರ ಕಣ್ಣೆದುರಿಗೆ, ಎಷ್ಟು ಹೊತ್ತು ಎಂಬುದು ವರ್ಷದ ಆರಂಭದಲ್ಲೇ ಎಲ್ಲರಿಗೂ ಗೊತ್ತಿರಬೇಕು. ಯಾರೂ ನೋಡದ ಕಾರಿಡಾರಿನಲ್ಲಿ ಮಗುವನ್ನು ನಿಲ್ಲಿಸುವುದು ಬೇಜವಾಬ್ದಾರಿ. ಜೊತೆಗೆ ಕೆಲಸವೂ ಹೋಗಬೇಕು. ತಪ್ಪಿಸಿಕೊಂಡ ಅದೇ ಲೆಕ್ಕ, ಮೊದಲ ಹೆಜ್ಜೆ ಬಿಡಿಸಿಟ್ಟು, ಉಳಿದದ್ದನ್ನು ಅವನೇ ಮಾಡುವಂತೆ. ಆಗ ಗಲಾಟೆಯಿಂದ ಲೆಕ್ಕ ಮಾಡುವುದು ತಪ್ಪುವುದಿಲ್ಲ, ಲೆಕ್ಕದ ಭಯ ಮಾತ್ರ ತಗ್ಗುತ್ತದೆ.

ಮಗುವಿನ ಮಾತು ಕೇಳಬೇಕು ಎಂಬುದು ಬರೀ ದಯೆಯ ಮಾತಲ್ಲ. 1975ರ ಗಾಸ್ ವರ್ಸಸ್ ಲೋಪೆಜ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, 10 ದಿನದೊಳಗಿನ ಸಸ್ಪೆನ್ಷನ್‌ಗೂ ಮುನ್ನ ಆರೋಪವನ್ನು ತಿಳಿಸಿ ವಿದ್ಯಾರ್ಥಿಗೆ ತನ್ನ ಕಡೆ ಹೇಳಿಕೊಳ್ಳಲು ಅವಕಾಶ ಕೊಡಬೇಕೆಂದಿತು. ಅಪಾಯವಿದ್ದರೆ ಮೊದಲು ಹೊರಗಿಟ್ಟು ಆದಷ್ಟು ಬೇಗ ವಿಚಾರಿಸಬಹುದು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 28ನೇ ವಿಧಿಯೂ ಶಾಲಾ ಶಿಸ್ತು ಮಗುವಿನ ಘನತೆಗೆ ಹೊಂದುವಂತಿರಬೇಕು ಎನ್ನುತ್ತದೆ.

ವಾಪಸ್ ಕರೆದುಕೊಳ್ಳುವ ಮಾತುಕತೆಯನ್ನು ಕಳಿಸಿದ ಶಿಕ್ಷಕರೇ ನಡೆಸಬೇಕು, ಮುಂದಿನ ಪಿರಿಯಡ್‌ಗೆ ಮುಂಚೆ. ಮುಖ್ಯೋಪಾಧ್ಯಾಯರಿಗೆ ಒಪ್ಪಿಸಿ ಸುಮ್ಮನಾದರೆ ಜಗಳ ಇಬ್ಬರ ನಡುವೆ ಹಾಗೇ ಉಳಿಯುತ್ತದೆ. ತಪ್ಪಿಸಿಕೊಳ್ಳುವ ಹಳೆಯ ದಾರಿ ಮುಚ್ಚಿದಾಗ ಗಲಾಟೆ ಕೆಲವು ದಿನ ಏರಬಹುದು ಎಂಬುದೂ ಗೊತ್ತಿರಲಿ. ಹಿಂದೆ ಫಲಿಸಿದ್ದನ್ನು ಮಗು ಇನ್ನೂ ಜೋರಾಗಿ ಪ್ರಯತ್ನಿಸಿ ನೋಡುತ್ತದೆ. ಆ ದಿನಗಳಲ್ಲಿ ಸೋತು ಮತ್ತೆ ಬಾಗಿಲು ತೋರಿಸಿದರೆ, ಇನ್ನೂ ಜೋರು ಮಾಡಿದರೆ ಸಿಗುತ್ತದೆ ಎಂದು ಕಲಿಸಿದಂತಾಗುತ್ತದೆ. ಆದ್ದರಿಂದ ಅಂಥ ದಿನಗಳಿಗೆ ಪಕ್ಕದ ತರಗತಿಯ ಶಿಕ್ಷಕರ ನೆರವನ್ನು ಮೊದಲೇ ಮಾತಾಡಿಟ್ಟುಕೊಂಡಿರಬೇಕು.