ಲಾಗದ ತುದಿಯಲ್ಲಿ ನೋಡುವ ಎರಡು ಅಂಕಿ

2025ರ ನವೆಂಬರ್ 21ರಂದು ದುಬೈ ಏರ್‌ಶೋದಲ್ಲಿ ನಮ್ಮ ತೇಜಸ್ ಯುದ್ಧವಿಮಾನ ಬಿದ್ದು ವಿಂಗ್ ಕಮಾಂಡರ್ ನಮಾಂಶ್ ಸ್ಯಾಲ್ ತೀರಿಕೊಂಡರಲ್ಲ, ಆ ವಾರವಿಡೀ ನನಗೆ ಕಾರವಾರದ ಮೀನುಪೇಟೆಗೆ ಹೋಗುವುದೇ ಕಷ್ಟವಾಯಿತು. ನೌಕಾಪಡೆಯಲ್ಲಿ ವಿಮಾನ ರಿಪೇರಿ ಮಾಡಿಕೊಂಡಿದ್ದವನೆಂದು ಊರಿಗೆಲ್ಲ ಗೊತ್ತು. ಬಂಗುಡೆ ಎಣಿಸಿ ಹಾಕುತ್ತಿದ್ದವಳೂ ಮೊಬೈಲ್ ತೋರಿಸಿ, "ಇವಂಗೆ ಹಾರಿ ತಪ್ಪಿಸ್ಕಳೂಕೆ ಆಗ್ತಿರ್ಲಿಲ್ವಾ?" ಎಂದಳು.

ಅದು ಯಾಕೆ ಬಿತ್ತು ಎಂಬುದು ತನಿಖೆಯವರ ಕೆಲಸ. ಮೊಬೈಲ್ ವಿಡಿಯೊ ನೋಡಿ ತೀರ್ಪು ಕೊಡುವವರ ಸಾಲಿಗೆ ನಾನು ಸೇರುವುದಿಲ್ಲ. ಆದರೆ ಇಂಥ ಪ್ರದರ್ಶನದಲ್ಲಿ ಜೀವ ಎಲ್ಲಿ ಹೋಗುತ್ತದೆ ಎಂಬುದನ್ನು ಹೇಳಬಹುದು. ನೆಲದ ಹತ್ತಿರ ಅಲ್ಲ. ಬಹಳ ಸಲ ಮೇಲೆ, ವಿಮಾನ ತಲೆಕೆಳಗಾಗಿರುವಾಗ.

ಲೂಪ್ ಎಂದರೆ ಗಾಳಿಯಲ್ಲಿ ಹಾಕುವ ಲಾಗ. ಏರುವಾಗ ವೇಗ ಕೊಟ್ಟು ಎತ್ತರ ಪಡೆಯುತ್ತೀರಿ, ಇಳಿಯುವಾಗ ಎತ್ತರ ಕೊಟ್ಟು ವೇಗ. ಕೆಳಗೆ ಬಂದು ಮೂಗು ಎತ್ತುವಾಗ ಎಷ್ಟು ದೊಡ್ಡ ವೃತ್ತ ಬೇಕು ಎಂಬುದು ವೇಗದ ವರ್ಗದ (ವೇಗವನ್ನು ವೇಗದಿಂದಲೇ ಗುಣಿಸಿದ) ಲೆಕ್ಕ. ಗಂಟೆಗೆ 540 ಕಿ.ಮೀ. ವೇಗದಲ್ಲಿ 5 ಜಿ, ಅಂದರೆ ಮೈತೂಕ ಐದು ಪಟ್ಟು ಅನ್ನಿಸುವಷ್ಟು, ಎಳೆದರೆ ಆ ವೃತ್ತದ ತ್ರಿಜ್ಯ ಸುಮಾರು 575 ಮೀಟರ್, 720 ಕಿ.ಮೀ. ಆದರೆ ಸಾವಿರ ದಾಟುತ್ತದೆ. ಇನ್ನೂ ಜೋರಾಗಿ ಎಳೆದರಾಯಿತಲ್ಲ ಅಂದರೆ, ರೆಕ್ಕೆಯೋ ಪೈಲಟಿನ ಕಣ್ಣೋ, ಎರಡರಲ್ಲಿ ಒಂದು ಕೈಕೊಡುತ್ತದೆ.

ಅದಕ್ಕೇ ತುದಿಯಲ್ಲಿ ಎರಡು ಅಂಕಿ ನೋಡಬೇಕು: ಎತ್ತರ, ವೇಗ. ಇಂಗ್ಲೆಂಡಿನ ಶೋರಮ್‌ನಲ್ಲಿ 2015ರ ಆಗಸ್ಟ್ 22ರಂದು ಹಾಕರ್ ಹಂಟರ್ ವಿಮಾನ ಕನಿಷ್ಠ 3,500 ಅಡಿ ಇರಬೇಕಾದ ಕಡೆ ಸುಮಾರು 2,700 ಅಡಿಗೇ ಮಗುಚಿ ಇಳಿಯಿತು. ಪೈಲಟ್ ಬದುಕಿದರು, ರಸ್ತೆಯ ಮೇಲಿದ್ದ 11 ಜನ ಹೋದರು.

ಅಂಕಿ ನೋಡಿದರೂ ಮೋಸ ಹೋಗುವುದುಂಟು. ಇದು ನಮ್ಮ ಕಡೆಯವರಿಗೆ ಬೇಗ ತಿಳಿಯುತ್ತದೆ. ಕಾಳಿ ನದಿಯ ಅಳಿವೆಯಲ್ಲಿ ದೋಣಿ ಒಳಗೆ ತರುವವನು ನಕ್ಷೆಯ ಆಳ ನಂಬುತ್ತಾನೆಯೇ? ಈಗ ಭರತಿಯೋ ಇಳಿತವೋ ಎಂದು ಮೊದಲು ನೋಡುತ್ತಾನೆ. ಎತ್ತರ ತೋರಿಸುವ ಆಲ್ಟಿಮೀಟರೂ ಹಾಗೆಯೇ, ಸೊನ್ನೆ ಎಲ್ಲಿಂದ ಎಂಬುದು ಮುಖ್ಯ. ಸಮುದ್ರಮಟ್ಟದಿಂದ ಎಣಿಸಿದರೆ ಯಲಹಂಕದ ರನ್‌ವೇ ಮೇಲೆ ನಿಂತ ವಿಮಾನವೂ ಸುಮಾರು 3,000 ಅಡಿ ತೋರಿಸುತ್ತದೆ. 2003ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಯುಪಡೆಯ ಥಂಡರ್‌ಬರ್ಡ್ಸ್ ಪ್ರದರ್ಶನ ತಂಡದ ಎಫ್-16 ಇದೇ ಲೆಕ್ಕದಲ್ಲಿ, ಬೇಕಾದ ಎತ್ತರಕ್ಕೆ ನೆಲದ ಎತ್ತರ ಕೂಡುವುದರಲ್ಲಿ, ಎಡವಿತು. ನೆಲದಿಂದ 2,500 ಅಡಿ ಏರಬೇಕಿತ್ತು, ಏರಿದ್ದು 1,670. ನೆಲ ಮುಟ್ಟಲು 0.8 ಸೆಕೆಂಡ್ ಇರುವಾಗ ಪೈಲಟ್ ಹೊರಬಿದ್ದು ಉಳಿದರು.

ಮೀನು ಮಾರುವವಳ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಪೈಲಟನ್ನು ಹೊರಗೆ ಚಿಮ್ಮಿಸುವ ಇಂದಿನ ಇಜೆಕ್ಷನ್ ಸೀಟು ನೆಲದ ಮೇಲೆ ನಿಂತ ವಿಮಾನದಿಂದಲೂ ಪೈಲಟನ್ನು ಬದುಕಿಸುತ್ತದೆ. ಆದರೆ ವಿಮಾನ ಬೀಳುತ್ತಿದ್ದರೆ ಸೀಟಿನ ರಾಕೆಟ್ ಮೊದಲು ಆ ಬೀಳುವ ವೇಗದ ಸಾಲ ತೀರಿಸಬೇಕು. ಸೆಕೆಂಡಿಗೆ 60 ಮೀಟರ್ ಇಳಿಯುವವನಿಗೆ 100 ಮೀಟರ್ ಎಂದರೆ ಎರಡು ಸೆಕೆಂಡೂ ಅಲ್ಲ.

ಸಮುದ್ರದ ಮೇಲೆ ಹಾರಿಸಿದರೆ ಅಪಾಯ ಇಲ್ಲ ಎನ್ನುವವರಿದ್ದಾರೆ. ನೋಡುವವರಿಗೆ ಕಡಿಮೆ, ಒಪ್ಪಿದೆ. ಹಾರಿಸುವವನಿಗೆ? ಮಂಜು ಕವಿದ ಬೆಳಿಗ್ಗೆ ಟ್ಯಾಗೋರ್ ಕಡಲತೀರದಲ್ಲಿ ನಿಂತು ದೇವಗಡ ದ್ವೀಪದ ಕಡೆ ನೋಡಿ. ನೀರೆಲ್ಲಿ ಮುಗಿಯಿತು, ಆಕಾಶ ಎಲ್ಲಿ ಶುರು ಎಂದು ಗೊತ್ತಾಗದು. ಮರ, ಮನೆ, ಗದ್ದೆಯ ಬದು ಏನೂ ಇಲ್ಲದ ನೀರು ಎಷ್ಟು ಕೆಳಗಿದೆ ಎಂದು ಕಣ್ಣು ಹೇಳುವುದೇ ಇಲ್ಲ.

ಗೋವಾದಲ್ಲಿ ಕಿರಣ್ ತರಬೇತಿ ವಿಮಾನಗಳ ಕೆಲಸ ಮಾಡುತ್ತಿದ್ದಾಗ ಹಾರುವ ಮೊದಲು ಪೈಲಟ್‌ಗಳು ಟಾರ್ಮ್ಯಾಕ್ ಮೇಲೆ ಅಂಗೈಯನ್ನೇ ವಿಮಾನ ಮಾಡಿಕೊಂಡು, ಬಾಯಲ್ಲೇ ಎಣಿಸುತ್ತ, ಇಡೀ ಕಸರತ್ತನ್ನು ನಡೆದು ಮುಗಿಸುತ್ತಿದ್ದರು. ಹೊಸಬರಿಗೆ ನಗು ಬರುತ್ತಿತ್ತು. ನೌಕಾಪಡೆಯ ಪ್ರದರ್ಶನ ತಂಡವಾದ ನಮ್ಮ ಸಾಗರ ಪವನ್‌ನ ಇಬ್ಬರು 2010ರ ಮಾರ್ಚ್ 3ರಂದು ಹೈದರಾಬಾದಿನಲ್ಲಿ ವಿಮಾನ ಬಿದ್ದು ತೀರಿಕೊಂಡ ಮೇಲೆ ಯಾರೂ ನಗಲಿಲ್ಲ.

ಒಂದು ಅಭ್ಯಾಸದ ದಿನ ಪೈಲಟ್ ಒಬ್ಬರು ಲೂಪಿನ ತುದಿಗೆ ಹೋದವರು ಕೆಳಗೆ ಎಳೆಯಲೇ ಇಲ್ಲ. ಅರ್ಧ ಉರುಳಿ ನೇರವಾಗಿ, ಹಾಗೇ ದೂರ ಹೋದರು. "ಅರ್ಧಕ್ಕೇ ಬಿಟ್ಟನಲ್ಲ, ಮಜಾ ಹೋಯಿತು" ಎಂದು ನೋಡಲು ಬಂದವರೊಬ್ಬರು ಗೊಣಗಿದರು. ಇಳಿದ ಮೇಲೆ ನಾನು ಸೀಟಿನ ಪಿನ್ ಹಾಕಿ ಪಟ್ಟಿ ಬಿಚ್ಚುತ್ತಿದ್ದೆ. ಪೈಲಟ್ ತಮ್ಮ ತೊಡೆಯ ಮೇಲಿನ ಪ್ಯಾಡಿನಲ್ಲಿ ಪೆನ್ಸಿಲ್ಲಿನಿಂದ ಬರೆದುಕೊಂಡಿದ್ದ ಅಂಕಿಯ ಮೇಲೆ ಬೆರಳಿಟ್ಟು, "200 ಅಡಿ ಕಮ್ಮಿ ಇತ್ತು" ಎಂದರು. ಆಮೇಲೆ ಚಹಾ ಕೇಳಿದರು.