ಐಕ್ಯತೆಗೆ ಅಂಟಿದ ಹೆಚ್ಚುವರಿ ಬಾಲ

ಕಾಸರಗೋಡಿನ ಕನ್ನಡ ಪತ್ರಿಕೆ ಓದುವವರಿಗೆ ‘ಐಕ್ಯರಂಗ’ ಎಂದರೆ ಕೇರಳದ ಕಾಂಗ್ರೆಸ್ ಮುಂದಾಳುತನದ ಮೈತ್ರಿಕೂಟ ಯುಡಿಎಫ್, ಎದುರಿಗೆ ಎಡರಂಗ. ಅದೇ ಪುಟ ಬಾಗಲಕೋಟೆಯವರ ಕೈಗೆ ಸಿಕ್ಕರೆ ಸ್ವಲ್ಪ ತಡವರಿಸಿಯಾರು: ಅಲ್ಲಿ ಸ್ವಾಮಿಗಳು ‘ಐಕ್ಯರಾದರು’ ಎಂದರೆ ತೀರಿಕೊಂಡರು ಎಂದರ್ಥ. ಇಷ್ಟಕ್ಕೇ ‘ಐಕ್ಯ’ವನ್ನು ಮಲಯಾಳದ ನುಸುಳುಕೋರ ಎನ್ನುವವರಿದ್ದಾರೆ. ಮೈತ್ರಿಕೂಟದ ಹೆಸರು ಮಲಯಾಳದ ದಾರಿಯಲ್ಲಿ ಬಂದಿರುವುದು ಹೌದು, ಪದ ಅಲ್ಲ. ಶರಣರ ಷಟ್‌ಸ್ಥಲದಲ್ಲಿ, ಅಂದರೆ ಸಾಧನೆಯ ಆರು ಹಂತಗಳಲ್ಲಿ, ಕೊನೆಯದೇ ಐಕ್ಯಸ್ಥಲ.

ನಿಜವಾದ ಎಡವಟ್ಟು ‘ಐಕ್ಯತೆ’ಯಲ್ಲಿದೆ. ಗುಣವಾಚಕದಿಂದ ಭಾವನಾಮ ಮಾಡಲು ಸಂಸ್ಕೃತದಲ್ಲಿ ಹಲವು ದಾರಿಗಳಿವೆ. ಸುಲಭದ್ದು, ಕೊನೆಗೆ ‘ತಾ’ ಹಚ್ಚುವುದು: ಏಕತಾ, ಕನ್ನಡದಲ್ಲಿ ಏಕತೆ. ಇನ್ನೊಂದರಲ್ಲಿ ಕೊನೆಯ ಅಕಾರ ಬಿದ್ದು ‘ಯ’ ಸೇರುತ್ತದೆ, ಜತೆಗೆ ಮೊದಲ ಸ್ವರಕ್ಕೆ ವೃದ್ಧಿ, ಅಂದರೆ ಅದು ಆ, ಐ ಅಥವಾ ಔ ಆಗುವುದು. ಧೀರ ಧೈರ್ಯವಾಗುವುದು, ಸುಂದರ ಸೌಂದರ್ಯವಾಗುವುದು, ಏಕ ಐಕ್ಯವಾಗುವುದು ಹೀಗೆ. ಭಾವನಾಮ ಅಲ್ಲಿಗೇ ಸಿದ್ಧ. ಮತ್ತೆ ‘ತೆ’ ಹಚ್ಚುವುದು ಮುಚ್ಚಿದ ಡಬ್ಬಿಗೆ ಇನ್ನೊಂದು ಮುಚ್ಚಳ ಹಾಕಿದಂತೆ. ‘ಧೈರ್ಯತೆ’ ಎಂದರೆ ನಗುವವರೇ ಪ್ರಾಮುಖ್ಯತೆ, ಸಾಮ್ಯತೆ, ವೈವಿಧ್ಯತೆ ಎಂದು ಬರೆಯುತ್ತಾರೆ! ಕನ್ನಡದ ಕಿವಿಗೆ ‘ತೆ’ ಕೇಳಿಸುತ್ತದೆ, ವೃದ್ಧಿ ಕೇಳಿಸುವುದಿಲ್ಲ. ಕಾರಣ ಇಷ್ಟೇ. ‘ಐಕ್ಯಮತ್ಯ’ವೂ ಇದೇ ಜಾತಿಯ ತಪ್ಪು. ಏಕಮತ ಎಂಬ ಇಡೀ ಪದಕ್ಕೆ ಒಂದೇ ಒಂದು ‘ಯ’ ಸೇರುವುದರಿಂದ ಅದು ಐಕಮತ್ಯ.

ನಮ್ಮ ಒಗ್ಗಟ್ಟಿನ ಕತೆ ಬೇರೆ. ಅದರ ಮೊದಲಲ್ಲಿರುವುದು ಒಂದು ಎಂಬರ್ಥದ ‘ಒರ್’, ಮುಂದಿನದು ಕಟ್ಟು. ಕನ್ನಡದಲ್ಲಿ ವ್ಯಂಜನದ ಹಿಂದೆ ನಿಂತ ರಕಾರ ಅದರಲ್ಲೇ ಕರಗಿ ಒತ್ತಾಗುವುದುಂಟು: ಒರ್ಮೆ ಒಮ್ಮೆ, ಒರ್ಬ ಒಬ್ಬ, ಕರ್ಚು ಕಚ್ಚು. ಒಗ್ಗಟ್ಟಿಗೆ ಪಕ್ಕದ ಮಲಯಾಳದವರು ಹೇಳುವ ‘ಒರುಮ’ದಲ್ಲಿ ನಡುವೆ ಉಕಾರ ಕುಳಿತಿರುವುದರಿಂದ ರಕಾರ ಉಳಿದುಕೊಂಡಿದೆ. ಒಬ್ಬ ಎಂಬರ್ಥದ ತುಳುವಿನ ‘ಒರಿ’ಯಲ್ಲೂ ರಕಾರ ಹಾಗೇ ಇದೆ. ಕಾಸರಗೋಡಿನ ಪೇಟೆಯಲ್ಲಿ ಈ ಮೂರೂ ಒಂದೇ ಹೊತ್ತಿಗೆ ಕಿವಿಗೆ ಬೀಳುತ್ತವೆ.

ಬಳಕೆಯಲ್ಲಿ ಐಕ್ಯ, ಒಗ್ಗಟ್ಟು, ಒಮ್ಮತಗಳನ್ನು ಒಂದರ ಬದಲು ಇನ್ನೊಂದು ಹಾಕಲಾಗದು. ಒಗ್ಗಟ್ಟಿನಲ್ಲಿ ಹಲವರು ಹಲವರಾಗಿಯೇ ಇರುತ್ತಾರೆ, ಐಕ್ಯದಲ್ಲಿ ಬೆರೆತುಹೋಗುತ್ತಾರೆ. ಒಮ್ಮತ ಅಭಿಪ್ರಾಯಕ್ಕೆ ಮಾತ್ರ: ಪಂಚಾಯತಿನ ಠರಾವಿಗೆ ಒಮ್ಮತ ಬೇಕು, ಮುಷ್ಕರ ಹೂಡಿದವರಿಗೆ ಒಗ್ಗಟ್ಟು ಬೇಕು.

‘ಏಕೀಕರಣ’ದ ನಡುವಿನ ಈಕಾರವನ್ನೂ ಗಮನಿಸಬೇಕು. ಮೊದಲು ಹಾಗಿಲ್ಲದ್ದು ಈಗ ಹಾಗಾಯಿತು ಎನ್ನಲು ವೈಯಾಕರಣರು ಹೇಳುವ ‘ಚ್ವಿ’ ಪ್ರತ್ಯಯದ ಗುರುತು ಅದು. ಶುದ್ಧೀಕರಣ, ಸರಳೀಕರಣಗಳಲ್ಲಿಯೂ ಅದೇ. ಬಿಡಿಯಾಗಿದ್ದುದನ್ನು ಯಾರೋ ಒಂದು ಮಾಡಿದರು ಎಂಬುದು ಪದದೊಳಗೇ ಅಡಗಿದೆ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಒಂದು ನುಡಿಯವರೆಲ್ಲ ಒಂದೇ ರಾಜ್ಯದಲ್ಲಿರಬೇಕೆಂಬ ಚಳವಳಿಗೆ ಕನ್ನಡಿಗರು ಇಟ್ಟ ಹೆಸರು ಏಕೀಕರಣ, ಮಲಯಾಳಿಗಳದು ಐಕ್ಯಕೇರಳ. ಎರಡಕ್ಕೂ ಮೂಲ ಅದೇ ‘ಏಕ’.