‘ಗರ್ಮ್ ಹವಾ’ ಕೇಳುವುದು ಹೇಗೆ: ಒಂದು ಕವ್ವಾಲಿ, ಎರಡು ಚಿಕ್ಕ ಪದ

ಉರ್ದು ಸಿನಿಮಾ ಸಂಗೀತ ಅಂದ ಕೂಡಲೇ ಮುಜ್ರಾ ಕುಣಿತ, ಗೆಜ್ಜೆ, ಮೆಹಫಿಲ್ ಎಂಬ ಹಾಡಿನ ಕೂಟ ನೆನಪಾಗುತ್ತವೆ. ‘ಗರ್ಮ್ ಹವಾ’ ಚಿತ್ರದಲ್ಲಿ ಅದ್ಯಾವುದೂ ಇಲ್ಲ. ಇರುವುದು ಒಂದು ಕವ್ವಾಲಿ (ಸೂಫಿ ಭಕ್ತಿಗೀತೆ), ಶುರುವಿನಲ್ಲೂ ಕೊನೆಯಲ್ಲೂ ಕೆಲವು ಸಾಲು ಕವಿತೆ, ಅಷ್ಟೇ. ಹಾಗಾಗಿ ನಾವು ಕಥೆಯ ಬಗ್ಗೆ ಮಾತ್ರ ಬರೆದು ಸುಮ್ನಾಗಿಬಿಡುತ್ತೇವೆ. ನನ್ನ ಪ್ರಕಾರ ಈ ಚಿತ್ರವನ್ನು ಕಿವಿಯಿಂದಲೂ ಓದಬೇಕು.

ಕಥೆ ಬೇಗ ಮುಗಿಸೋಣ. ದೇಶ ಒಡೆದ ಮೇಲಿನ ಆಗ್ರಾ. ಸಲೀಂ ಮಿರ್ಜಾ (ಬಲರಾಜ್ ಸಾಹ್ನಿ) ಶೂ ಕಾರ್ಖಾನೆ ನಡೆಸುವವರು. ನೆಂಟರು ಒಬ್ಬೊಬ್ಬರೇ ಪಾಕಿಸ್ತಾನಕ್ಕೆ ಹೊರಡುತ್ತಾರೆ. ಇವರು ಹೋಗಲೊಲ್ಲರು. ಸಾಲ ಹುಟ್ಟುವುದಿಲ್ಲ, ಹವೇಲಿ ಕೈತಪ್ಪುತ್ತದೆ, ಬಾಡಿಗೆ ಮನೆಗೂ ಅಲೆದಾಟ. ಮೂಲ ಉರ್ದು ಲೇಖಕಿ ಇಸ್ಮತ್ ಚುಗ್ತಾಯಿ ಅವರ ಅಚ್ಚಾಗದ ಕಥೆ. ಚಿತ್ರಕಥೆ ಕವಿ ಕೈಫಿ ಆಜ್ಮಿ, ಶಮಾ ಜೈದಿ ಅವರದು. ನಿರ್ದೇಶಕ ನಮ್ಮ ಮೈಸೂರಿನ ಎಂ.ಎಸ್. ಸತ್ಯು, ಮುಂದೆ ಕನ್ನಡದಲ್ಲಿ ‘ಬರ’ ಮಾಡಿದವರು. ಸೆನ್ಸಾರಿನಲ್ಲಿ ತಿಂಗಳುಗಟ್ಟಲೆ ಸಿಕ್ಕಿಕೊಂಡಿದ್ದ ಚಿತ್ರ 1974ರಲ್ಲಿ ಮೊದಲು ತೆರೆ ಕಂಡಿದ್ದು ಬೆಂಗಳೂರಿನಲ್ಲಿ!

ಹೆಸರು ಎಲ್ಲಿಂದ ಬಂತು? ಅಕ್ಕನನ್ನು ರೈಲು ಹತ್ತಿಸಿ ಬರುವಾಗ, ಹಸಿರು ಮರಗಳೇ ಉರುಳುತ್ತಿವೆ ಅಂತ ಮಿರ್ಜಾ ನೊಂದುಕೊಳ್ಳುತ್ತಾರೆ. ಟಾಂಗಾದವನ (ಕುದುರೆ ಗಾಡಿಯವನ) ಉತ್ತರ: ಬಿಸಿಗಾಳಿ (ಗರ್ಮ್ ಹವಾ) ಮಿಯಾಂ, ಕಿತ್ತು ಹೋಗದ್ದು ಒಣಗಿ ಹೋಗುತ್ತೆ. ಅವನ ಬಾಯಲ್ಲಿ ಅದು ‘ಸೂಖ್ ಜಾವೇ ಹೈ’. ಪುಸ್ತಕದ ಉರ್ದುವಲ್ಲ, ಬೀದಿ ಮಾತು. 

ಈಗ ಕವ್ವಾಲಿ. ಹಾಡಿದವರು ಅಜೀಜ್ ಅಹ್ಮದ್ ಖಾನ್ ವಾರ್ಸಿ. ಜಾಗ ಫತೇಪುರ್ ಸಿಕ್ರಿಯ ಸಲೀಂ ಚಿಶ್ತಿ ದರ್ಗಾ. ಅಲ್ಲಿನ ಅಮೃತಶಿಲೆಯ ಜಾಲಂಧ್ರಕ್ಕೆ ಜನ ಹರಕೆಯ ದಾರ ಕಟ್ಟುತ್ತಾರೆ. ಮಕ್ಕಳಿಲ್ಲದ ಅಕ್ಬರನಿಗೆ ಇದೇ ಸಂತರ ಆಶೀರ್ವಾದದಿಂದ ಮಗ ಹುಟ್ಟಿದ ಅನ್ನೋದು ಜನರ ನಂಬಿಕೆ. ಅಂಥ ಜಾಗದಲ್ಲಿ, ಮೊದಲ ಹುಡುಗ ಪಾಕಿಸ್ತಾನದ ಪಾಲಾದ ಮೇಲೆ, ಮಿರ್ಜಾರ ಮಗಳು ಅಮೀನಾಳ ಪ್ರೀತಿ ಎರಡನೇ ಸಲ ಚಿಗುರುತ್ತದೆ. ಆ ಹುಡುಗನೂ ಪಾಕಿಸ್ತಾನಕ್ಕೆ ಹೋಗಿ ಕೈಕೊಡುತ್ತಾನೆ, ಅವಳು ಜೀವ ಕಳೆದುಕೊಳ್ಳುತ್ತಾಳೆ. ಇನ್ನೊಮ್ಮೆ ನೋಡುವಾಗ ಆ ಕವ್ವಾಲಿಯ ಉತ್ಸಾಹವೇ ಎದೆ ಹಿಂಡುತ್ತದೆ. ಸಂತರೂ ಸಲೀಂ, ಅಪ್ಪನೂ ಸಲೀಂ. ಬೇಕಂತಲೇ ಇಟ್ಟ ಹೆಸರೋ ಏನೋ.

ಹಿನ್ನೆಲೆ ಸಂಗೀತ ಸರೋದ್ ವಾದಕ ಉಸ್ತಾದ್ ಬಹಾದ್ದೂರ್ ಖಾನ್ ಅವರದು. ಬಂಗಾಳದ ವಿಭಜನೆಯ ನೋವಿನ ‘ಸುವರ್ಣರೇಖಾ’ಕ್ಕೂ ಸಂಗೀತ ಕೊಟ್ಟವರು ಇವರೇ.

ಕೊನೆಗೆ ಕವಿತೆ. ಕೈಫಿಯವರದೇ ದನಿ, ಹಾಡಲ್ಲ, ಓದು. ಶುರುವಿನ ಸಾಲುಗಳಲ್ಲಿ ತೂಫಾನ್ (ಬಿರುಗಾಳಿ), ಶಂಶಾನ್ (ಸ್ಮಶಾನ), ಈಮಾನ್ (ನಂಬಿಕೆ) ಎಂಬ ಪ್ರಾಸ. ಇದು ಕಾಫಿಯಾ. ಅದರ ಹಿಂದೆ ಪ್ರತಿ ಸಲ ಬರುವ ‘ವಹಾಂ ಭೀ ಥಾ, ಯಹಾಂ ಭೀ’, ಅಂದರೆ ಅಲ್ಲೂ ಇತ್ತು, ಇಲ್ಲೂ, ಎಂಬುದು ರದೀಫ್. ನಮ್ಮ ಹಳಗನ್ನಡದಲ್ಲಿ ಪ್ರಾಸ ಸಾಲಿನ ಎರಡನೇ ಅಕ್ಷರದಲ್ಲಿ ಕೂರುತ್ತದೆ. ಇಲ್ಲಿ ಸಾಲಿನ ಬಾಲದಲ್ಲಿ.

ರದೀಫ್ ಬದಲಾಗಬಾರದು. ಆದರೆ ಕೊನೆಯ ದೃಶ್ಯದಲ್ಲಿ ಬದಲಾಗುತ್ತದೆ. ಮಿರ್ಜಾ ಕೂಡ ಊರು ಬಿಡಲು ಟಾಂಗಾ ಹತ್ತಿದ್ದಾರೆ. ದಾರಿಯಲ್ಲಿ ಕೆಲಸ ಕೇಳುವವರ ಮೆರವಣಿಗೆ ಅಡ್ಡ ಬರುತ್ತದೆ. ಮಗ ಸಿಕಂದರ್ ಇಳಿದು ಸೇರುತ್ತಾನೆ, ಆಮೇಲೆ ಅಪ್ಪನೂ. ಹೆಂಡತಿಯನ್ನು ಮನೆಗೆ ವಾಪಸ್ ಕಳಿಸುತ್ತಾರೆ. ಆಗ ಅದೇ ದನಿ: ‘ವಹಾಂ ಭೀ ಹೈ, ಯಹಾಂ ಭೀ’. ‘ಥಾ’ ಅಂದರೆ ‘ಇತ್ತು’ ಹೋಗಿ, ‘ಹೈ’ ಅಂದರೆ ‘ಇದೆ’ ಬಂತು.